ಗಿಳಿಹಸಿರಿಗೆ ಮೂರು ಅಂಕಿ

ದಾರಕ್ಕೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪಟ್ಟಿಯಕ್ಕ ಎಂದೇ ಕರೆಯುತ್ತಿದ್ದರು. ಒಂಬತ್ತು ವರ್ಷ ದಾರ ಸುತ್ತಿ ಮಣಿಕಟ್ಟು ಸೋತ ಮೇಲೆ ಆಫೀಸಿಗೆ ಬಂದವಳು. ಭಾನುವಾರಗಳಲ್ಲಿ ಅಕ್ಕನ ಮಗಳ ಪಕ್ಕ ಕೂತು ಪ್ರೋಗ್ರಾಂ ಬರೆಯಲು ಕಲಿತಿದ್ದಳು. ಯಾವ ತೊಟ್ಟಿಯಲ್ಲಿ ಯಾವ ಬಣ್ಣ, ಎಷ್ಟು ಉಂಡೆ ಎಂಬ ಎಕ್ಸೆಲ್ ಪಟ್ಟಿ ಈಗ ದಿನಾ ಬೆಳಿಗ್ಗೆ ತಾನೇ ತಯಾರಾಗುತ್ತಿತ್ತು. ಓದಲು ಬಾರದವರಿಗೂ ತಿಳಿಯಲೆಂದು ಚೌಕಗಳಿಗೆ ಬಣ್ಣ ತುಂಬಿಸಿದ್ದಳು.

ಆ ಬಣ್ಣವೇ ಕೈಕೊಟ್ಟಿತು. ಪ್ಯಾಕಿಂಗ್‌ನವರು ಪಟ್ಟಿ ನೋಡಿ ಗಿಳಿಹಸಿರಿನ ಡಬ್ಬಗಳಿಗೆ ಪಾಚಿಹಸಿರು ತುಂಬಿದರು. ನಲವತ್ತು ಡಬ್ಬ ಮತ್ತೆ ಬಿಚ್ಚಬೇಕಾಯಿತು. ಮೂವತ್ತು ವರ್ಷ ತೊಟ್ಟಿಗಳ ಹಬೆಯಲ್ಲೇ ಕಳೆದ ಬಣ್ಣದ ಮೇಸ್ತ್ರಿ ಎಲ್ಲರೆದುರೇ ರೇಗಿದರು.

“ಏನಮ್ಮಾ ಇದು? ನಾನು ಅದ್ದಿದ್ದು ಗಿಳಿ, ನೀನು ತೋರಿಸ್ತಿರೋದು ಪಾಚಿ! ನಿನ್ನ ಮಷೀನಿಗೆ ಕಣ್ಣಿದೆಯಾ?”

ಅವಳ ಮುಖ ಚಿಕ್ಕದಾಯಿತು. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದು ಬಂದು, ತನ್ನ ಪ್ರೋಗ್ರಾಂ ಬಳಸುತ್ತಿದ್ದ, ಎಕ್ಸೆಲ್ ಪಟ್ಟಿ ಮಾಡಿಕೊಡುವ ಸಿದ್ಧ ಕೋಡಿನ ವಿವರಣೆಯನ್ನು ಸಾಲು ಬಿಡದೆ ಓದಿದಳು. ಅವಳ ಪಟ್ಟಿ ಹಳೇ ನಮೂನೆಯ ಎಕ್ಸೆಲ್ ಫೈಲು; ಅದರಲ್ಲಿ ಇದ್ದದ್ದೇ ಐವತ್ತಾರು ಬಣ್ಣ. ಏನು ಕೇಳಿದರೂ ಅದರಲ್ಲೇ ಹತ್ತಿರದ್ದೊಂದನ್ನು ಅದು ಅಂಟಿಸುತ್ತಿತ್ತು. ಆದರೆ ಬೇಡದ ಬಣ್ಣ ತೆಗೆದು ಆ ಜಾಗದಲ್ಲಿ ಸ್ವಂತದ್ದನ್ನು ಕೂರಿಸಬಹುದಿತ್ತು. ಕೆಂಪು, ಹಸಿರು, ನೀಲಿ ಎಷ್ಟೆಷ್ಟೆಂದು ಮೂರು ಅಂಕಿ ಕೊಟ್ಟರಾಯಿತು. ಸರಿಯಾದ ಅಂಕಿ ಯಾವುದೆಂದು ಹೇಳುವವರು ಯಾರು?

ಊಟದ ಹೊತ್ತಿಗೆ ಮೇಸ್ತ್ರಿಯ ಮುಂದೆ ಹೋಗಿ ನಿಂತಳು. “ಅಣ್ಣಾ, ಮಷೀನಿಗೆ ಕಣ್ಣಿಲ್ಲ, ನಿಜ. ನಿಮ್ಮ ಕಣ್ಣು ಸ್ವಲ್ಪ ಕೊಡ್ತೀರಾ?”

ಮೇಸ್ತ್ರಿ ಗಿಳಿಹಸಿರಿನ ಉಂಡೆಯೊಂದನ್ನು ಜೇಬಿಗೆ ತುರುಕಿಕೊಂಡು ಬಂದು, ದಾರವನ್ನು ಕಂಪ್ಯೂಟರ್ ಪರದೆಗೆ ಒತ್ತಿ ಹಿಡಿದರು.

“ಸಪ್ಪೆ. ಹಳದಿ ಹೆಚ್ಚು ಮಾಡು.”

“ಇಲ್ಲಿ ಹಳದಿ ಇಲ್ಲಣ್ಣ. ಕೆಂಪು ಏರಿಸಿದ್ರೆ ಹಳದಿ ಬರುತ್ತೆ.”

“ಹಸಿರಿಗೆ ಕೆಂಪು ಸುರಿದ್ರೆ ಕೆಸರಾಗುತ್ತೆ ಕಣಮ್ಮಾ!”

ಅವಳು ಏರಿಸಿದಳು. ಹಸಿರು ಅರಳಿತು. ಮೇಸ್ತ್ರಿ ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತರು, ಆಮೇಲೆ ನಕ್ಕುಬಿಟ್ಟರು.

ಆರು ಮಧ್ಯಾಹ್ನಗಳಲ್ಲಿ ಮೂವತ್ತನಾಲ್ಕು ಬಣ್ಣ ಮುಗಿದವು. ಕೊನೆಯ ದಿನ ಅವರ ದನಿ ಇಳಿದಿತ್ತು. “ಎಲ್ಲಾ ಮಷೀನೊಳಗೆ ಹೋಯ್ತು. ಇನ್ನು ನಾನು ಮನೇಲಿದ್ರೂ ನಡೆಯುತ್ತೆ ಅನ್ನು.”

ಅವಳು ಅವರ ಕೈಯಲ್ಲಿದ್ದ ಉಂಡೆಯತ್ತ ಬೆರಳು ತೋರಿಸಿದಳು. “ಅಂಕಿ ಕೊಟ್ರೆ ಪರದೆಗೆ ಬಣ್ಣ ಬರುತ್ತೆ. ದಾರಕ್ಕೆ ಬರಬೇಕಲ್ಲಣ್ಣ.”

ಮೇಸ್ತ್ರಿ ಉಂಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

“ಒಂದು ನೇರಳೆ ತಲೇಲಿದೆ, ಎಷ್ಟೋ ವರ್ಷದಿಂದ. ತೊಟ್ಟಿ ಹಾಳುಮಾಡೋಕೆ ಧೈರ್ಯ ಬಂದಿರಲಿಲ್ಲ. ಮೊದಲು ಇಲ್ಲೇ ನೋಡೋಣ್ವಾ?”