ಖಾಲಿ ಬಸ್ಸಿನ ಕರ್ಚೀಫು

ನಮ್ಮ ಯಜಮಾನರು ಕರಿಬಸವಯ್ಯನವರು ಮೂವತ್ತೊಂದು ವರ್ಷ ಕನಕಪುರ ರಸ್ತೆಯ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ದೂರವನ್ನು ಅವರು ಕಿಲೋಮೀಟರಿನಲ್ಲಿ ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಬನಶಂಕರಿ ಒಂದು ಗಂಟೆ, ಮಾರ್ಕೆಟ್ಟು ಎರಡು ಗಂಟೆ, ಅಷ್ಟೆ. ನಾವು ಜರಗನಹಳ್ಳಿಯಲ್ಲಿ, ಅವರ ಅಕ್ಕ ಗಿರಿಜಾದೇವಿ ಹೊಸಕೆರೆಹಳ್ಳಿಯಲ್ಲಿ. ಅತ್ತಿಗೆಯ ಕಣ್ಣು ಮಂಜಾಗುತ್ತಾ ಬಂದಿತ್ತು, ಡಾಕ್ಟರು ಕೈಚೆಲ್ಲಿದ್ದರು.

"ಕಣ್ ಪೂರ್ತಿ ಹೋಗೋದ್ರೊಳಗೆ ನಿನ್ ಮುಖ ನೋಡ್ಬೇಕು ಕಣೋ ಬಸು. ಈ ಗೌರಿಹಬ್ಬಕ್ಕಾದ್ರೂ ಬಾರೋ" ಎಂದು ಫೋನಿನಲ್ಲಿ ಗೋಗರೆಯುವರು. ಈ ಮಹಾನುಭಾವರು "ಟ್ರಾಫಿಕ್ ಅಕ್ಕ, ತುಂಬಾ ದೂರ" ಎಂದು ತವರಿನ ಬಾಗಿನವನ್ನು ಆಟೋದಲ್ಲಿ ಕಳಿಸಿಬಿಡುವರು. ಒಂದಲ್ಲ ಎರಡಲ್ಲ, ನಾಲ್ಕು ವರ್ಷ! ನನಗೆ ಮೈ ಉರಿದುಹೋಗುತ್ತಿತ್ತು.

ಈ ಬೇಸಿಗೆಯಲ್ಲಿ ನಮ್ಮ ಮಗಳು ಶ್ರೀದೇವಿ ನಮ್ಮನ್ನು ಇಂಗ್ಲೆಂಡಿಗೆ ಕರೆಸಿಕೊಂಡಳು. ಅಲ್ಲೊಂದು ಹಳ್ಳಿಯಲ್ಲಿ ಅವಳು ನರ್ಸು. ಅದು ಊರೋ, ಕನಸೋ! ಹಸಿರು ಹೊಲ, ಅದರಾಚೆ ಇನ್ನೊಂದು ಹೊಲ, ಅದರ ಮೇಲೆ ನಿಧಾನವಾಗಿ ಸರಿಯುವ ಮೋಡದ ನೆರಳು. ಅಂಗಡಿ ಏಳು ಕಿಲೋಮೀಟರು ದೂರ. ಇವರು ದಿನಾ ನಡೆದು ಹೋಗಿ, ಬಸ್ಸಿನಲ್ಲಿ ಹಾಲು ತರುವರು.

"ದಾರೀಲಿ ಎಷ್ಟ್ ಜನ ಸಿಕ್ರು?" ಎಂದು ನಾನು ಕೇಳಿದರೆ, "ಇವತ್ತು ಮೂರು. ಮೂರೂ ಜನ ನಿಂತು ಮಾತಾಡ್ಸಿದ್ರು ಕಣೇ" ಎನ್ನುವರು.

ಒಂದು ದಿನ ನಾನೂ ಜೊತೆಗೆ ಹೋದೆ. ವಾಪಸು ಬರುವ ಬಸ್ಸು ನಿಂತದ್ದೇ ತಡ, ಇವರು ಓಡಿ ಹತ್ತಿ ಸೀಟಿನ ಮೇಲೆ ಕರ್ಚೀಫು ಹಾಸಿಬಿಟ್ಟರು! ಒಳಗೆ ನರಪಿಳ್ಳೆ ಇಲ್ಲ. ಡ್ರೈವರ್ ಕಣ್ಣರಳಿಸಿ ನೋಡಿದ. ನನಗೆ ನಗು ತಡೆಯಲಾಗಲಿಲ್ಲ.

ಇವರು ಮಾತ್ರ ನಗಲಿಲ್ಲ. ಕಿಟಕಿಯಾಚೆ ನೋಡುತ್ತಾ, "ಸ್ಕೂಲಿಗೆ ಹೋಗೋವಾಗ ಅಕ್ಕ ನಂಗೆ ಹಿಂಗೇ ಸೀಟ್ ಹಿಡೀತಿದ್ಲು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮನೆಯಿಂದ ಹೊಸಕೆರೆಹಳ್ಳಿ ಎಷ್ಟ್ ಕಿಲೋಮೀಟ್ರು?" ಎಂದರು.

ಫೋನಿನಲ್ಲಿ ನೋಡಿ ಹೇಳಿದೆ. "ಏಳೇ ಕಣ್ರೀ."

ಇವರು ಕರ್ಚೀಫನ್ನು ಮಡಿಚಿ ಜೇಬಿಗೆ ಸೇರಿಸಿದರು.

ಊರಿಗೆ ಮರಳಿದ ಮೇಲೆ ಗೌರಿಹಬ್ಬ ಬಂತು. ಬೆಳಗ್ಗೆಯೇ ಬಾಗಿನದ ಮೊರ ಹಿಡಿದು ಇವರು ನಡೆದೇ ಹೊರಟರು, ಹಿಂದೆ ನಾನು. ಹಾರ್ನು, ಹೂವಿನ ರಾಶಿ, ಭುಜಕ್ಕೆ ಭುಜ ತಾಗುವ ಜನ. ಇವರು ಇನ್ನೂ ಆ ಹೊಲದಲ್ಲೇ ಇದ್ದವರ ಹಾಗೆ ಎದುರಾದವರಿಗೆಲ್ಲ ನಮಸ್ಕಾರ ಹೇಳುತ್ತಾ ನಡೆದರು. ನಾಚಿಕೆಯಾಗುವ ಬದಲು ನನಗೇಕೋ ಖುಷಿಯಾಯಿತು.

ಅತ್ತಿಗೆಯ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ನೆಂಟರು. ಒಂದು ಕುರ್ಚಿ ಮಾತ್ರ ಖಾಲಿ, ಅದರ ಮೇಲೊಂದು ಕರ್ಚೀಫು.

"ಹಬ್ಬದ್ ದಿನ ಅಜ್ಜಿ ಅಲ್ಲಿ ಯಾರ್ನೂ ಕೂರೋಕೆ ಬಿಡಲ್ಲ" ಎಂದಳು ಅವರ ಮೊಮ್ಮಗಳು ಸಿರಿ.

ಅತ್ತಿಗೆ ತಮ್ಮನ ಮುಖವನ್ನು ಎರಡೂ ಕೈಯಿಂದ ತಡವಿದರು.

"ಕಾಣ್ತೀನಾ ಅಕ್ಕ?"

"ಇಲ್ಲ ಕಣೋ. ಯುಗಾದಿ ಹೊತ್ತಿಗೇ ಪೂರ್ತಿ ಹೋಯ್ತು. ಹೇಳಿದ್ರೆ ನೀನ್ ಬರೋದೇ ಇಲ್ವೇನೋ ಅಂತ ಹೇಳ್ಲಿಲ್ಲ. ಇಷ್ಟೊಂದ್ ಬೆವತಿದ್ದೀಯಲ್ಲೋ, ಹೆಂಗ್ ಬಂದೆ?"

"ನಡ್ಕೊಂಡೇ ಬಂದೆ ಅಕ್ಕ. ಹತ್ರಾನೇ."

"ಹತ್ರಾನೇ ಇತ್ತಾ?" ಎಂದರು ಅತ್ತಿಗೆ.

ಇವರು ಕುರ್ಚಿಯ ಮೇಲಿನ ಕರ್ಚೀಫು ತೆಗೆದು ಕಣ್ಣಿಗೆ ಒತ್ತಿಕೊಂಡು, ಅಕ್ಕ ಹಿಡಿದಿಟ್ಟಿದ್ದ ಜಾಗದಲ್ಲಿ ಕೂತರು.