ಬುಧವಾರದ ರಾಹುಕಾಲ

ನಲವತ್ತೊಂದು ಇಲಿಗಳ ಕತ್ತು ಮುರಿದಿದ್ದೇನೆ, ಒಂದೇ ದಿನ. ಕತ್ತನ್ನು ಬೆರಳಲ್ಲಿ ಅದುಮಿ ಹಿಡಿದು ಬಾಲ ಜಗ್ಗಿದರೆ ಲಟಕ್ಕೆಂದು ಸದ್ದಾಗುತ್ತದೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಒಡೆಯದ ಕೈ ನನ್ನದು.

ಸಿಯಾಟಲ್‌ನ ಲ್ಯಾಬಿನಲ್ಲಿ ಆ ತಳಿಯನ್ನು ಮೂರು ವರ್ಷ ಬೆಳೆಸಿದ್ದೆ. ಪಿಎಚ್‌ಡಿ ಮುಗಿಸಿ ಬಂದ ನಮ್ಮಂಥವರ ಸಂಬಳ, ಇಲಿಗಳ ಖರ್ಚು ಎಲ್ಲ ಫೆಲೋಶಿಪ್ಪಿನದ್ದೇ. ನನ್ನದು ಎರಡು ತಿಂಗಳಲ್ಲಿ ಮುಗಿಯುವುದಿತ್ತು. ಹೊಸದು ಸಿಕ್ಕರಷ್ಟೇ ಇಲಿಗಳೂ ನಾನೂ ಉಳಿಯುವುದು.

ಅರ್ಜಿ ಹಾಕಲು ಕೊನೆಯ ದಿನ ಬುಧವಾರ, ಮಧ್ಯಾಹ್ನ ಎರಡರೊಳಗೆ. ಹನ್ನೆರಡಕ್ಕೆ ಎಲ್ಲ ಸಿದ್ಧವಾಗಿತ್ತು. ಆರು ತಿಂಗಳಿಗೆಂದು ಬಂದಿದ್ದ ಅಮ್ಮ, ಸಿಯಾಟಲ್ ಪಕ್ಕದ ಕ್ರಾಸ್‌ರೋಡ್ಸ್‌ ಬಡಾವಣೆಯ ನಮ್ಮ ಮನೆಯ ಅಡುಗೆಮನೆಯಲ್ಲಿ ತೂಗುಹಾಕಿದ್ದ ಮೈಸೂರಿನ ಕ್ಯಾಲೆಂಡರ್ ನೋಡಿದಳು.

"ಈಗ ಕಳಿಸ್ಬೇಡ ಕಣೇ, ರಾಹುಕಾಲ. ಒಂದೂವರೆಗೆ ಕಳಿಸು, ನಿನ್ನ ಗಂಟೇನು ಹೋಗತ್ತೆ?"

"ಅಮ್ಮಾ, ನಾನು ಸೈಂಟಿಸ್ಟು!"

"ಆಗಿರು, ಯಾರು ಬೇಡ ಅಂದ್ರು?"

ನಕ್ಕೆ. ನಕ್ಕು ಕಾದೆ ಕೂಡ, ಥೂ ನನ್ನ ಜನ್ಮಕ್ಕೆ! ಒಂದೂವರೆಗೆ ಲ್ಯಾಪ್‌ಟಾಪಿನಲ್ಲಿ ಬಟನ್ ಒತ್ತಿದರೆ ಅರ್ಜಿ ಹೋಗಲಿಲ್ಲ, ಮೊದಲು ನಮ್ಮ ಆಫೀಸಿನಾಕೆ ಒಪ್ಪಿಗೆ ಕೊಡಬೇಕಂತೆ. ಅವಳು ಅರ್ಧ ದಿನ ರಜೆ ಹಾಕಿ, ಮುಕಿಲ್ಟಿಯೊ ಎಂಬ ಕಡಲತೀರದ ಊರಿಗೆ ಹೋಗಿ ಫೆರ್ರಿ ದೋಣಿ ಹತ್ತಿದ್ದಳು. ಹದಿನೇಳು ಸಲ ಕಾಲ್ ಮಾಡಿದೆ, ಎತ್ತಲಿಲ್ಲ. ಹನ್ನೆರಡೂವರೆಯವರೆಗೂ ಆಫೀಸಿನ ಸೀಟಿನಲ್ಲೇ ಇದ್ದೆ ಎಂದು ಮರುದಿನ ಹೇಳಿದಳು.

ಎರಡು ಹೊಡೆಯಿತು. ಕ್ಯಾಲೆಂಡರನ್ನು ಕಿತ್ತು ಹರಿದೆ. ಕೈಗೆ ಸಿಕ್ಕ ಸ್ಟೀಲ್ ಚೊಂಬನ್ನು ಗೋಡೆಗೆ ಬೀಸಿ ಎಸೆದೆ. ಅದು ಪುಟಿದು ಅಮ್ಮನ ಹುಬ್ಬಿಗೆ ಬಡಿಯಿತು. ಸೆರಗೆಲ್ಲ ರಕ್ತ. ಅವಳು ಅಳಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಬಿದ್ದವು, ಕಾಲು ಜಾರಿ ಬಿದ್ದೆ ಎಂದು ಅವಳೇ ಹೇಳಿದಳು. ನಾನು ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಡಾಕ್ಟರಿಗೆ ಹೇಳಿದೆ.

ಎರಡು ತಿಂಗಳಾದ ಮೇಲೆ ಬಾಸ್ ಅಂದರು, ಪಂಜರ ಖಾಲಿ ಮಾಡು, ಮೆದುಳುಗಳನ್ನಾದರೂ ತೆಗೆದಿಡು ಎಂದು. ಮೆದುಳು ಕೆಡಬಾರದೆಂದರೆ ಗ್ಯಾಸ್ ಕೊಡುವಂತಿಲ್ಲ, ಕೈಯಲ್ಲೇ ಕೊಲ್ಲಬೇಕು. ಅವತ್ತೂ ಬುಧವಾರವೇ. ಹೊರಡುವಾಗ ಅಮ್ಮ ಬಾಗಿಲಿಗೆ ಬಂದಳು. ಹುಬ್ಬಿನ ಗಾಯ ಮಾಗಿ ಕಪ್ಪಾಗಿತ್ತು.

"ಬೇಗ ಹೋಗೇ. ಹನ್ನೆರಡರೊಳಗೆ ಮುಗಿಸ್ಕೊಂಬಿಡು."

ಮುಗಿಯಲಿಲ್ಲ. ಕೊನೆಗೆ ಉಳಿದದ್ದು ಬಸುರಿ ಇಲಿ. ಹಿಡಿದ ಕೂಡಲೇ ಗ್ಲೌಸ್ ಹರಿಯುವಂತೆ ಬೆರಳಿಗೆ ಕಚ್ಚಿತು, ಬಿಡಲೇ ಇಲ್ಲ. ಗಡಿಯಾರ ನೋಡಿದೆ. ಹನ್ನೆರಡೂ ಹತ್ತು. ಒಂದೂವರೆಯವರೆಗೆ ಕಾಯೋಣ ಎಂದು ಒಳಗೆ ಯಾರೋ ಅಂದ ಹಾಗಾಯಿತು. ಅಮ್ಮನ ದನಿಯಲ್ಲ, ನನ್ನದೇ.

ಬಾಲ ಹಿಡಿದು ಜಗ್ಗಿದೆ.