ತೊಳೆದಿಟ್ಟ ಚೀಲಗಳು

ನನ್ನ ವಿಜ್ಞಾನ ಅಂದರೆ ಎಲೆ ಕೊಳೆಯುವುದನ್ನು ನೋಡುವುದು. ನಗಬೇಡಿ. ಶಿರಸಿ ಪೇಟೆಯಲ್ಲಿ ಟೆಂಪೋ ಓಡಿಸುವ ನನ್ನ ಅಪ್ಪನೂ ಮೊದಲು ನಕ್ಕವರೇ. "ಇಲ್ಲಿನ ಮಳೆಗೆ ಮನುಷ್ಯರೇ ಕೊಳೀತಾರೆ, ಎಲೆ ಕೊಳೆಯೋದು ಎಂತ ನೋಡ್ತೀಯೆ ಮಾರಾಯ್ತಿ?" ಅಂದಿದ್ದರು. ಅಮ್ಮನಿಗೆ ಬೇರೆ ಚಿಂತೆ. ಹುಡುಗಿ ಎಂತ ಓದ್ತಾಳೆ ಅಂತ ಗಂಡಿನ ಕಡೆಯವರು ಕೇಳಿದರೆ ಏನು ಹೇಳುವುದು? ಆದರೂ ನನ್ನ ಕೆಲಸಕ್ಕೆ ಬೇಕಾದ ಚೀಲ ಹೊಲಿದು ಕೊಟ್ಟವಳು ಅವಳೇ, ಬೈಯುತ್ತ ಬೈಯುತ್ತ.

ಕೆಲಸ ಹೇಳಲಿಕ್ಕೆ ಸುಲಭ. ಮತ್ತಿ, ಹೊನ್ನೆ ಮರಗಳ ಒಣ ಎಲೆ ತೂಗಿ, ನೈಲಾನ್ ಬಲೆಯ ಚೀಲಕ್ಕೆ ತುಂಬಿ, ಕಾಡಿನ ನೆಲದಲ್ಲಿ ಗೂಟ ಹೊಡೆದು ಕಟ್ಟಿಡುವುದು. ಆಗಾಗ ಒಂದು ಕಂತಿನ ಚೀಲ ತಂದು, ಉಳಿದ ಎಲೆಯನ್ನು ಒಣಗಿಸಿ ಮತ್ತೆ ತೂಗುವುದು. ಎಷ್ಟು ಬೇಗ ಮಣ್ಣಾಗುತ್ತದೆ ಅಂತ ಗೊತ್ತಾಗುವುದು ಹೀಗೆ. ಅದರಲ್ಲಿ ಎರಡು ಮಳೆಗಾಲ ನೆನೆದ ಐದನೆಯ ಕಂತೇ ಮುಖ್ಯ. ಅದಿಲ್ಲದೆ ನನ್ನ ಪಿಎಚ್.ಡಿ. ಇಲ್ಲ.

ಕಾನಸೂರಿನ ಹತ್ತಿರ ಒಬ್ಬ ಯಜಮಾನರು ತಮ್ಮ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಒಂದು ಮೂಲೆ ಬಿಟ್ಟುಕೊಟ್ಟಿದ್ದರು. ಬೇಸಿಗೆ ಬಂತೆಂದರೆ ನಮ್ಮ ಕಡೆ ದರಕು ಗುಡಿಸುತ್ತಾರೆ. ಬೆಟ್ಟದಲ್ಲಿ ಉದುರಿದ ಒಣ ಎಲೆಯನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ. ನಿನ್ನ ಮೂಲೆಗೆ ಯಾರೂ ಹೋಗದ ಹಾಗೆ ನೋಡ್ಕೊಳ್ತೇನೆ ಅಂದಿದ್ದರು ಯಜಮಾನರು. ನೋಡಿಕೊಂಡರು ಕೂಡ. ಕೊನೆಯ ವರ್ಷ ದರಕು ಗುಡಿಸಿದ ದಿನ ಮಾತ್ರ ಅವರು ಯಲ್ಲಾಪುರದಲ್ಲಿ ಯಾರದೋ ಮದುವೆಗೆ ಹೋಗಿದ್ದರು. ಇವತ್ತು ನಿಮ್ಮಲ್ಲಿ, ನಾಳೆ ನಮ್ಮಲ್ಲಿ ಅಂತ ಮುಯ್ಯಾಳಿಗೆ ಬಂದಿದ್ದ ಅಕ್ಕಪಕ್ಕದ ಮನೆಯ ಹೆಂಗಸರಿಗೆ ನನ್ನ ಮೂಲೆಯ ಸುದ್ದಿ ಗೊತ್ತಿರಲಿಲ್ಲ.

ಐದನೆಯ ಕಂತು ತರಲು ಹೋದರೆ ಬೆಟ್ಟ ಅಂಗಳದ ಹಾಗೆ ನುಣ್ಣಗಿತ್ತು. ಗೂಟ ಇದ್ದವು, ಚೀಲ ಇರಲಿಲ್ಲ. ಯಜಮಾನರ ಮನೆಗೆ ಓಡಿದೆ. ಅವರ ಹೆಂಡತಿ ನಗುನಗುತ್ತ ಒಂದು ಕಟ್ಟು ತಂದು ಮುಂದಿಟ್ಟರು. ಬಾಳೆನಾರಿನಲ್ಲಿ ಚಂದ ಮಾಡಿ ಕಟ್ಟಿದ್ದ ನನ್ನ ಚೀಲಗಳು.

"ಒಂದೂ ಹಾಳಾಗ್ಲಿಲ್ಲ ತಂಗಿ. ಪ್ಲಾಸ್ಟಿಕ್ಕು ಕೊಟ್ಟಿಗೆಗೆ ಹೋದ್ರೆ ದನ ತಿಂದು ಸಾಯ್ತವೆ ಅಂತ ಅವ್ರೆಲ್ಲ ಹೆಕ್ಕಿ ತಂದ್ರು. ಒಳಗೆ ಬರೀ ಕೊಳೆತ ಕಸ ಇತ್ತು ಮಾರಾಯ್ತಿ! ಎಲ್ಲ ಕೊಡವಿ, ಹಳ್ಳದಲ್ಲಿ ತೊಳ್ದು ಒಣಗ್ಸಿಟ್ಟಿದೀವಿ."

ಅಯ್ಯೋ ದೇವರೇ! ಯಾರನ್ನು ಬೈಯಲಿ? ಬೆನ್ನು ಬಗ್ಗಿಸಿ ಗುಡಿಸಿ ದಣಿದ ಮೇಲೂ ನನ್ನ ಚೀಲ ತೊಳೆಯಲು ಕೂತಿದ್ದವರನ್ನಾ? ಚಾ ಕೊಟ್ಟರು, ಕುಡಿದೆ. ಉಪಕಾರ ಆಯ್ತು ಅಂದೆ. ಬಸ್ಸಿನಲ್ಲಿ ಕೂತ ಮೇಲೆ ಅತ್ತೆ.

ಗೈಡಿಗೆ ಫೋನ್ ಮಾಡಿದೆ. "ನಾಲ್ಕು ಕಂತಿನ ತೂಕ ಇದೆಯಲ್ಲಮ್ಮ. ಗ್ರಾಫಿನಲ್ಲಿ ಗೆರೆ ಎಳೆದರೆ ಐದನೆಯದು ಎಲ್ಲಿ ಬೀಳುತ್ತದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಬರೆದು ಮುಗಿಸು" ಅಂದರು. ಅವರು ಕೆಟ್ಟವರಲ್ಲ. ನನ್ನ ಫೆಲೋಶಿಪ್ ಆ ವರ್ಷಕ್ಕೇ ಮುಗಿಯುತ್ತಿತ್ತು, ಅದಕ್ಕೆ ಹಾಗೆ ಹೇಳಿದರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಅವರು ಹೇಳಿದ್ದು ಸರಿಯೇ ಇರಬಹುದು ಅನ್ನುವುದೇ ಸಿಟ್ಟಿಗೆ ಕಾರಣ. ಆದರೆ ನೋಡದ್ದನ್ನು ನೋಡಿದೆ ಅಂತ ಬರೆಯಲು ಕೈ ಏಳಲಿಲ್ಲ. ಬರೆಯೋದಿಲ್ಲ ಸರ್ ಅಂದೆ.

ಎರಡು ಮಳೆಗಾಲ ಕಂಡ ಹಳೆ ಚೀಲ ಇನ್ನೊಮ್ಮೆ ಬಾಳುವಂತಿರಲಿಲ್ಲ; ಮೊದಲಿಂದ ಶುರು ಮಾಡಲು ಅಮ್ಮ ಮತ್ತೆ ಚೀಲ ಹೊಲಿದಳು. ಈ ಸಲ ಬೈಯಲಿಲ್ಲ. ಅದನ್ನು ತಾಳುವುದು ಬೈಗುಳ ತಾಳುವುದಕ್ಕಿಂತ ಕಷ್ಟವಾಗಿತ್ತು. ಫೆಲೋಶಿಪ್ ನಿಂತಿತು. ಸಿದ್ದಾಪುರದಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿದೆ. ನನ್ನ ಜೊತೆ ಸೇರಿದವರೆಲ್ಲ ಡಾಕ್ಟರೇಟ್ ಪಡೆದರು. ಒಂದು ಒಳ್ಳೆಯ ಸಂಬಂಧ ಕಾದು ಕಾದು ಬೇರೆ ಕಡೆ ಹೋಯಿತು. ವಿಜ್ಞಾನಿ ಆಗುವುದು ಕಷ್ಟ ಅಂದರೆ ಜನ ಲೆಕ್ಕ ಕಷ್ಟ, ಇಂಗ್ಲಿಷ್ ಕಷ್ಟ ಅಂದುಕೊಳ್ಳುತ್ತಾರೆ. ಮಣ್ಣಂಗಟ್ಟಿ! ನಮಗೆ ವಯಸ್ಸಾಗುತ್ತದೆ ಅಂತ ಎಲೆ ಬೇಗ ಕೊಳೆಯುವುದಿಲ್ಲ, ಕಷ್ಟ ಇರುವುದು ಅಲ್ಲಿ.

ಎರಡು ಮಳೆಗಾಲ ಕಳೆದವು. ಈ ಸಲ ಚೀಲ ತೆಗೆಯುವಾಗ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಲ್ಯಾಬಿಗೆ ತಂದು ಒಣಗಿಸಿ ತೂಗಿದೆ. ಮತ್ತೊಮ್ಮೆ ತೂಗಿದೆ. ಐದನೆಯ ಬಿಂದು ಗೈಡ್ ಹೇಳಿದ ಜಾಗದಲ್ಲೇ ಬಿತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಮನೆಗೆ ಕರೆದೊಯ್ಯಲು ಅಪ್ಪ ಟೆಂಪೋ ತಂದಿದ್ದರು. ದಾರಿಯಲ್ಲಿ ಹೇಳಿದೆ. ಅವರು ಗೇರ್ ಬದಲಿಸಿ, ಮೆಲ್ಲಗೆ ಕೇಳಿದರು. "ಹಂಗಾರೆ ಆಗ್ಲೇ ಬರೆದಿದ್ರೂ ಇದೇ ಆಗಿರ್ತಿತ್ತಲ್ಲೇ?"

"ಹೌದಪ್ಪ, ಇದೇ ಆಗಿರ್ತಿತ್ತು" ಅಂದೆ. "ಸರಿಯೋ ತಪ್ಪೋ ಅಂತ ಸಾಯೋ ತನಕ ನಂಗೆ ಗೊತ್ತಿರ್ತಿರಲಿಲ್ಲ, ಅಷ್ಟೇ."